ಸಿ.ಡಿ.ಯೋ ಸ್ಟ್ರೀಮಿಂಗೋ: ಶಾಸ್ತ್ರೀಯ ಸಂಗೀತ ಕೇಳುವವರಿಗೊಂದು ಕೈಪಿಡಿ

ಸಿ.ಡಿ.ಯಿಂದ ಬರುವ ನಾದ ಮೇಲೋ, ಮೊಬೈಲಿನ ಆ್ಯಪ್‌ನಿಂದ ಬರುವುದು ಮೇಲೋ ಎಂಬುದು ಮನೆಯಲ್ಲಿ ಶಾಸ್ತ್ರೀಯ ಸಂಗೀತ ಕೇಳುವವರ ನಡುವೆ ಮತ್ತೆ ಮತ್ತೆ ಏಳುವ ಚರ್ಚೆ. ಎರಡರಲ್ಲೂ ಸಂಗೀತ ಇರುವುದು ಅಂಕಿಗಳ ರೂಪದಲ್ಲೇ. ಆದ್ದರಿಂದ ತಟ್ಟೆ ಅಥವಾ ಇಂಟರ್ನೆಟ್ ಎಂಬುದು ಸಾಗಣೆಯ ದಾರಿಯಷ್ಟೆ. ಗುಣಮಟ್ಟವನ್ನು ತೀರ್ಮಾನಿಸುವ ಸಂಗತಿಗಳು ಮೂರು: ಮೂಲ ಧ್ವನಿಮುದ್ರಣ ಎಷ್ಟು ಚೆನ್ನಾಗಿದೆ, ಅದರ ಅಂಕಿಗಳು ಪೂರ್ತಿ ಉಳಿದಿವೆಯೇ, ಕಿವಿಗೆ ಮುಟ್ಟುವ ಮುನ್ನ ಅವು ಯಾವ ಸಾಧನಗಳನ್ನು ಹಾಯ್ದು ಬಂದವು. ಈ ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ ಎಂಬುದು ತಿಳಿಯುತ್ತದೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ರಸಿಕರಿಗೆ ಹೋಲಿಸಿ ನೋಡಲು ಒಂದು ಅನುಕೂಲವಿದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ, ಕೆ.ಆರ್. ರಸ್ತೆಯಲ್ಲಿ ಶತಮಾನ ದಾಟಿದ ಬೆಂಗಳೂರು ಗಾಯನ ಸಮಾಜ, ಮಲ್ಲೇಶ್ವರದ ಅಂಚಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಎಲ್ಲವೂ ಹತ್ತಿರದಲ್ಲೇ ಇವೆ. ಮಂಡಳಿಯ ಉತ್ಸವ 1939ರಿಂದ ನಡೆದುಬಂದಿದೆ. ಕಛೇರಿ ಕೇಳಿ ಪಳಗಿದ ಕಿವಿಗೆ ತಂಬೂರಿಯ ನಾದ ಹೇಗಿರಬೇಕು, ಘಟದ ಪೆಟ್ಟು ಹೇಗೆ ಬೀಳಬೇಕು ಎಂಬುದು ಗೊತ್ತಿರುತ್ತದೆ. ಮನೆಯ ಸಾಧನವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಸಿ.ಡಿ.ಯಲ್ಲಿ ಇರುವುದೇನು

ಸಿ.ಡಿ.ಯ ಮಾನದಂಡವನ್ನು ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಗೊತ್ತುಮಾಡಿದವು. 1982ರಲ್ಲಿ ಜಪಾನಿನಲ್ಲಿ ಅದು ಮಾರುಕಟ್ಟೆಗೆ ಬಂತು. ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಅಂದರೆ 65,536 ಮೆಟ್ಟಿಲುಗಳ ಒಂದು ಅಳತೆಪಟ್ಟಿಯಲ್ಲಿ ಬರೆದಿಡುವುದು ಇದರ ಕ್ರಮ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್ ಆಗುತ್ತದೆ. ಒಂದು ತಟ್ಟೆಯಲ್ಲಿ 74ರಿಂದ 80 ನಿಮಿಷ ಹಿಡಿಯುತ್ತದೆ. ಮೂರೂವರೆ ನಿಮಿಷಕ್ಕೆ ಮುಗಿಯುತ್ತಿದ್ದ 78 ಸುತ್ತಿನ ಗ್ರಾಮಫೋನ್ ಪ್ಲೇಟು ಮತ್ತು ಪ್ರತಿ ಮಗ್ಗುಲಿಗೆ 20–25 ನಿಮಿಷದ ಎಲ್‌ಪಿಗಳ ಬಳಿಕ, ಒಂದು ರಾಗ ತಾನ ಪಲ್ಲವಿಯನ್ನು ಎಲ್ಲೂ ತುಂಡಾಗದೆ ಕೇಳಲು ಸಿ.ಡಿ.ಯಲ್ಲಿ ಸಾಧ್ಯವಾಯಿತು.

ಸೆಕೆಂಡಿಗೆ 44,100 ಸಲ ಅಳೆದರೆ ಅದರ ಅರ್ಧದವರೆಗಿನ, ಅಂದರೆ 22,050 ಹರ್ಟ್ಜ್‌ವರೆಗಿನ ಕಂಪನಗಳನ್ನು ಹಿಡಿದಿಡಬಹುದು. ಎಳೆಯರ ಕಿವಿಗೆ ಕೇಳಿಸುವ ಮಿತಿಯೇ ಸುಮಾರು 20,000 ಹರ್ಟ್ಜ್. ವಯಸ್ಸಾದಂತೆ ಮೇಲಿನ ಅಂಚು ಕುಸಿಯುತ್ತದೆ. ಅರವತ್ತು ದಾಟಿದ ಹೆಚ್ಚಿನವರಿಗೆ 12,000 ಹರ್ಟ್ಜ್‌ನ ಮೇಲೆ ಕೇಳಿಸುವುದು ಕಷ್ಟ. ಆಕಾಶವಾಣಿಯ ಅಮೃತವರ್ಷಿಣಿ 100.1 ಎಫ್.ಎಂ.ನಲ್ಲಿ ಬರುವ ಸಂಗೀತದ ಮಿತಿ 15,000 ಹರ್ಟ್ಜ್. ಎಫ್.ಎಂ. ಪ್ರಸಾರದ ತಂತ್ರವೇ ಅಷ್ಟಕ್ಕೆ ನಿಲ್ಲುತ್ತದೆ. ಅದನ್ನು ಕೇಳಿ ತೃಪ್ತರಾದವರಿಗೆ ಸಿ.ಡಿ.ಯ ಮಿತಿ ಅಡ್ಡಿಯಾಗುವ ಸಂದರ್ಭವಿಲ್ಲ.

ಅತಿ ಮೆಲು ದನಿಗೂ ಅತಿ ಜೋರು ದನಿಗೂ ನಡುವಿನ ಅಂತರ ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್. ಗಾಂಧಿ ಬಜಾರಿನ ಆಸುಪಾಸಿನ ಮನೆಯಲ್ಲಿ ಕಿಟಕಿ ಮುಚ್ಚಿದರೂ ಫ್ಯಾನು ಮತ್ತು ವಾಹನಗಳ ಸದ್ದು 40 ಡೆಸಿಬೆಲ್‌ನಷ್ಟು ಇದ್ದೇ ಇರುತ್ತದೆ. ಅದರ ಮೇಲೆ 96 ಡೆಸಿಬೆಲ್ ಸೇರಿಸಿದರೆ ಕಿವಿಗೆ ನೋವಾಗುವ ಮಟ್ಟವನ್ನೂ ಮೀರುತ್ತದೆ. ಮನೆಯಲ್ಲಿ ಕೇಳುವುದಕ್ಕೆ 16 ಬಿಟ್ ಬೇಕಾದಷ್ಟಾಯಿತು.

ಸ್ಟ್ರೀಮಿಂಗ್‌ನ ಮೂರು ದರ್ಜೆ

ಸ್ಟ್ರೀಮಿಂಗ್ ಎಂದರೆ ಒಂದೇ ಗುಣಮಟ್ಟವಲ್ಲ. ಒಂದೇ ಆ್ಯಪ್‌ನಲ್ಲಿ ಒಂದೇ ಕೃತಿ ಸೆಟ್ಟಿಂಗ್ಸ್‌ಗೆ ತಕ್ಕಂತೆ ಮೂರು ದರ್ಜೆಯಲ್ಲಿ ಬರಬಹುದು.

ಮೊದಲನೆಯದು ಸೆಕೆಂಡಿಗೆ 96ರಿಂದ 160 ಕಿಲೋಬಿಟ್. ಉಚಿತ ಖಾತೆಗಳಲ್ಲಿ, ಡೇಟಾ ಉಳಿಸುವ ಸೆಟ್ಟಿಂಗ್‌ನಲ್ಲಿ ಸಿಗುವುದು ಇದೇ. ಯೂಟ್ಯೂಬಿನ ಸಾಮಾನ್ಯ ವಿಡಿಯೋಗಳ ಧ್ವನಿಯೂ ಹೆಚ್ಚುಕಡಿಮೆ ಇದೇ ಮಟ್ಟದ್ದು. ಎರಡನೆಯದು 256ರಿಂದ 320 ಕಿಲೋಬಿಟ್. ಹಣ ಕೊಟ್ಟ ಚಂದಾದಾರರಿಗೆ ಬಹುತೇಕ ಆ್ಯಪ್‌ಗಳು ಇದನ್ನು ಕೊಡುತ್ತವೆ. ಯೂಟ್ಯೂಬ್ ಮ್ಯೂಸಿಕ್‌ನ ಗರಿಷ್ಠ ಮಟ್ಟ 256. ಮೂರನೆಯದು ಆ್ಯಪ್‌ಗಳು ಲಾಸ್‌ಲೆಸ್ ಎಂದು ಕರೆಯುವ ನಷ್ಟವಿಲ್ಲದ ದರ್ಜೆ. ಆ್ಯಪಲ್ ಮ್ಯೂಸಿಕ್ 2021ರಲ್ಲಿ ಇದನ್ನು ಹೆಚ್ಚುವರಿ ಶುಲ್ಕವಿಲ್ಲದೆ ತೆರೆಯಿತು. ಸ್ಪಾಟಿಫೈ 2025ರಲ್ಲಿ ಆರಂಭಿಸಿತು.

ಮೊದಲೆರಡು ದರ್ಜೆಗಳಲ್ಲಿ ಸಂಗೀತದ ಒಂದು ಭಾಗವನ್ನು ಕೈಬಿಡಲಾಗುತ್ತದೆ. ಜೋರು ದನಿಯ ಪಕ್ಕದಲ್ಲೇ ಇರುವ ಮೆಲು ದನಿ ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ ಎಂಬ ಲೆಕ್ಕದ ಮೇಲೆ, ಕೇಳಿಸಲಾರದ್ದನ್ನು ಎಂಪಿ3, ಎಎಸಿ, ಓಪಸ್ ಮುಂತಾದ ವಿಧಾನಗಳು ತೆಗೆದುಹಾಕುತ್ತವೆ. ಮೂರನೆಯ ದರ್ಜೆಯಲ್ಲಿ ಬಳಸುವ ಫ್ಲ್ಯಾಕ್‌ನಂಥ ವಿಧಾನ ಏನನ್ನೂ ಬಿಡುವುದಿಲ್ಲ. ಕಡತವನ್ನು ಅರ್ಧದಷ್ಟಕ್ಕೆ ಮಡಚಿ ಕಳಿಸುತ್ತದೆ, ಬಿಚ್ಚಿದಾಗ ಒಂದು ಬಿಟ್ ಕೂಡ ಬದಲಾಗದೆ ಮೂಲವೇ ಸಿಗುತ್ತದೆ. ಹಾಗಾಗಿ ಒಂದೇ ಮೂಲದಿಂದ ಬಂದ ಸಿ.ಡಿ. ಮತ್ತು 16 ಬಿಟ್‌ನ ಲಾಸ್‌ಲೆಸ್ ಸ್ಟ್ರೀಮಿಂಗ್ ಅಂಕಿಗಳ ಮಟ್ಟದಲ್ಲಿ ಒಂದೇ. ಅವುಗಳ ನಡುವೆ ವ್ಯತ್ಯಾಸ ಕೇಳಿದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಡೇಟಾ ಖರ್ಚಿನ ಲೆಕ್ಕ ಹೀಗಿದೆ: ಒಂದು ಗಂಟೆಯ ಸಂಗೀತಕ್ಕೆ 96 ಕಿಲೋಬಿಟ್‌ನಲ್ಲಿ 43 ಎಂಬಿ, 320ರಲ್ಲಿ 144 ಎಂಬಿ, ಸಿ.ಡಿ. ಮಟ್ಟದ ಲಾಸ್‌ಲೆಸ್‌ನಲ್ಲಿ 300ರಿಂದ 400 ಎಂಬಿ, ಅದಕ್ಕೂ ಮೇಲಿನ 24 ಬಿಟ್, 96 ಕಿಲೋಹರ್ಟ್ಜ್ ದರ್ಜೆಯಲ್ಲಿ ಒಂದು ಜಿಬಿಗೂ ಹೆಚ್ಚು. ಮನೆಯಲ್ಲಿ ವೈಫೈ ಇದ್ದವರಿಗೆ ಇದು ಭಾರವಲ್ಲ. ಮೆಟ್ರೋದಲ್ಲಿ, ಬಸ್ಸಿನಲ್ಲಿ ಕೇಳುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಕತ್ತರಿಸಿದ್ದು ಎಲ್ಲಿ ಕೇಳಿಸುತ್ತದೆ

ಕಡಿಮೆ ದರ್ಜೆಯ ದೋಷ ಹಾಡಿನ ನಡುವೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಗಾಯಕರ ದನಿ, ಪಿಟೀಲು ಎರಡೂ 128 ಕಿಲೋಬಿಟ್‌ನಲ್ಲೂ ಕೇಳುವಂತೆಯೇ ಇರುತ್ತವೆ. ದೋಷ ಹೊರಬೀಳುವುದು ಕೆಲವು ನಿರ್ದಿಷ್ಟ ಜಾಗಗಳಲ್ಲಿ.

ಮೊದಲ ಜಾಗ ತಂಬೂರಿ. ಕುದುರೆಯ ಮೇಲೆ ತಂತಿಯಡಿ ಇಟ್ಟ ಜೀವಾಳದ ಎಳೆಯಿಂದಾಗಿ ಒಂದೊಂದು ಮೀಟಿಗೂ ಹತ್ತಾರು ಸಹಸ್ವರಗಳು ಏಳುತ್ತವೆ. ಅವು ಒಂದಾದ ಮೇಲೊಂದು ಅರಳಿ ನಿಧಾನವಾಗಿ ಅಡಗುತ್ತವೆ. ಬಿಟ್‌ಗಳು ಕಡಿಮೆಯಾದಾಗ ಈ ಮೇಲಿನ ಸಹಸ್ವರಗಳು ಬಿಟ್ಟುಬಿಟ್ಟು ಕೇಳಿಸುತ್ತವೆ, ನಾದ ಕದಡಿದಂತೆ ಅಲುಗಾಡುತ್ತದೆ. ಕಛೇರಿ ಶುರುವಾಗುವ ಮುನ್ನ ಬರೀ ತಂಬೂರಿ ನುಡಿಯುವ ಐದಾರು ಸೆಕೆಂಡುಗಳಲ್ಲೇ ಇದು ಸ್ಪಷ್ಟ.

ಎರಡನೆಯದು ತನಿ ಆವರ್ತನ. ಎಂಪಿ3 ವಿಧಾನ ಶಬ್ದವನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಕಟ್ಟುತ್ತದೆ. ತುಂಡಿನ ನಡುವೆ ಘಟದ ಗಟ್ಟಿ ಪೆಟ್ಟೊಂದು ಬಿದ್ದರೆ, ಅದರ ಲೆಕ್ಕದ ತಪ್ಪು ತುಂಡಿನ ಉದ್ದಕ್ಕೂ ಹರಡುತ್ತದೆ. ಪೆಟ್ಟಿಗೂ ಮೊದಲೇ ಸಣ್ಣದೊಂದು ಸರಸರ ಸದ್ದು ಬರುತ್ತದೆ, ಪೆಟ್ಟು ಮೊಂಡಾಗುತ್ತದೆ. ಘಟ, ಖಂಜಿರ, ಮೋರ್ಸಿಂಗ್ ಮತ್ತು ಮೃದಂಗದ ಚಾಪುಗಳಲ್ಲಿ ಇದನ್ನು ಗಮನಿಸಬಹುದು. ಸಭಿಕರ ಚಪ್ಪಾಳೆಯೂ ಇದೇ ಕಾರಣಕ್ಕೆ ಕಡಿಮೆ ಬಿಟ್‌ನಲ್ಲಿ ಬಾಣಲೆಯ ಒಗ್ಗರಣೆಯಂತೆ ಚಟಗುಡುತ್ತದೆ.

ಮೂರನೆಯದು ವೀಣೆ. ಒಂದು ಮೀಟಿನ ಮೇಲೆ ತಂತಿ ಎಳೆದು ಎರಡು ಮೂರು ಸ್ವರಗಳ ಗಮಕ ಹೊರಡಿಸಿದಾಗ, ಕೊನೆಯ ಸ್ವರ ಬಹಳ ಮೆಲುವಾಗಿ ನಿಲ್ಲುತ್ತದೆ. ಹಿಂದೆ ಮೃದಂಗವೂ ನುಡಿಯುತ್ತಿದ್ದರೆ ಆ ಬಾಲವೇ ಮೊದಲು ಕಳೆದುಹೋಗುವುದು. ವಿ. ದೊರೆಸ್ವಾಮಿ ಅಯ್ಯಂಗಾರ್ ಅವರಂಥ ಮೈಸೂರು ಬಾನಿಯ ವೈಣಿಕರ ಮುದ್ರಿಕೆಗಳನ್ನು ಕೇಳುವವರು ಮೊದಲ ದರ್ಜೆಗೆ ತೃಪ್ತರಾಗಬಾರದು.

256–320 ಕಿಲೋಬಿಟ್‌ಗೆ ಏರಿದ ಕೂಡಲೇ ಈ ದೋಷಗಳಲ್ಲಿ ಬಹುಪಾಲು ಮಾಯವಾಗುತ್ತವೆ. ಯಾವುದು ಯಾವುದೆಂದು ಮುಂಚೆ ಗೊತ್ತಿಲ್ಲದೆ ಕೇಳಿದಾಗ ಹೆಚ್ಚಿನ ಜನರಿಗೆ 320 ಕಿಲೋಬಿಟ್‌ಗೂ ಸಿ.ಡಿ.ಗೂ ನಡುವಿನ ವ್ಯತ್ಯಾಸ ಹೇಳಲಾಗುವುದಿಲ್ಲ. ಅಂದರೆ ಮೊದಲ ದರ್ಜೆಯಿಂದ ಎರಡನೆಯದಕ್ಕೆ ಹೋಗುವುದು ದೊಡ್ಡ ಲಾಭ, ಎರಡರಿಂದ ಮೂರಕ್ಕೆ ಹೋಗುವುದು ಚಿಕ್ಕದು.

ಸಿ.ಡಿ.ಗಿಂತ ಮೇಲಿನ ದರ್ಜೆ ಬೇಕೇ

24 ಬಿಟ್, 96 ಅಥವಾ 192 ಕಿಲೋಹರ್ಟ್ಜ್‌ನ ಹೈ-ರೆಸ್ ಧ್ವನಿಯನ್ನು ಆ್ಯಪ್‌ಗಳು ದೊಡ್ಡದಾಗಿ ಜಾಹೀರು ಮಾಡುತ್ತವೆ. 1999ರಲ್ಲಿ ಬಂದ ಸೂಪರ್ ಆಡಿಯೋ ಸಿ.ಡಿ.ಯದೂ ಇದೇ ವಾದವಾಗಿತ್ತು. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಉನ್ನತ ದರ್ಜೆಯ ಧ್ವನಿಯನ್ನು ನೇರವಾಗಿಯೂ ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳಿಸಲಾಯಿತು. 554 ಪ್ರಯತ್ನಗಳಲ್ಲಿ 276 ಸರಿ ಉತ್ತರ ಬಂದವು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಲಂಡನ್ನಿನ ಜೋಶುವಾ ರೈಸ್ 2016ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಸರಿ ಉತ್ತರದ ಪ್ರಮಾಣ ಶೇ. 52.3. ವ್ಯತ್ಯಾಸ ಇದ್ದರೂ ಅತ್ಯಲ್ಪ ಎಂದಾಯಿತು. 24 ಬಿಟ್‌ನ ನಿಜವಾದ ಉಪಯೋಗ ಸ್ಟುಡಿಯೋದಲ್ಲಿ ಮುದ್ರಿಸುವಾಗ, ಮಟ್ಟ ಸರಿಪಡಿಸುವಾಗ. ಮನೆಯಲ್ಲಿ ಕೇಳಲು ಅದಕ್ಕೆಂದೇ ಹೆಚ್ಚು ಹಣ ತೆರಬೇಕಾಗಿಲ್ಲ.

ಎಲ್ಲಕ್ಕಿಂತ ದೊಡ್ಡದು ಮೂಲ ಮುದ್ರಣ

ಒಂದೇ ಕಛೇರಿಯ ಎರಡು ಮುದ್ರಿಕೆಗಳ ನಡುವೆ ಕಿವಿಗೆ ರಾಚುವಂಥ ವ್ಯತ್ಯಾಸ ಇದ್ದರೆ ಅದಕ್ಕೆ ಕಾರಣ ಬಹುಮಟ್ಟಿಗೆ ಬಿಟ್‌ಗಳ ಎಣಿಕೆಯಲ್ಲ. ಮೂಲ ಟೇಪನ್ನು ಯಾರು, ಹೇಗೆ ಡಿಜಿಟಲ್‌ಗೆ ಇಳಿಸಿದರು ಎಂಬುದು. ನಮ್ಮ ಶಾಸ್ತ್ರೀಯ ಸಂಗೀತದ ಹಳೆಯ ನಿಧಿಯ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ.

ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ 1902ರಲ್ಲಿ ಹಾಡಿ ಭಾರತದ ಗ್ರಾಮಫೋನ್ ಯುಗವನ್ನು ತೆರೆದವರು. ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕಾಲದ ಮುದ್ರಣಗಳು ಮೈಕ್ ಇಲ್ಲದೆ, ಕಹಳೆಯೊಳಗೆ ಹಾಡಿ ಆದವು. ಅವುಗಳಲ್ಲಿ ಕೆಲವು ಸಾವಿರ ಹರ್ಟ್ಜ್ ಮೀರಿದ್ದು ಏನೂ ಇಲ್ಲ. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಪ್ಲೇಟುಗಳನ್ನು ಡಿಜಿಟಲ್‌ಗೆ ಇಳಿಸಿ ಉಚಿತವಾಗಿ ಕೇಳಲು ಇಟ್ಟಿದೆ. ಇವನ್ನು ಲಾಸ್‌ಲೆಸ್‌ನಲ್ಲೇ ಕೇಳಬೇಕೆಂಬ ಹಟದಿಂದ ಪ್ರಯೋಜನವಿಲ್ಲ. ಪ್ಲೇಟು ಸವೆದಿತ್ತೇ, ಸರಿಯಾದ ವೇಗದಲ್ಲಿ ತಿರುಗಿತೇ ಎಂಬುದೇ ಮುಖ್ಯ.

ಮುಂದಿನದು ಆಕಾಶವಾಣಿಯ ಟೇಪುಗಳ ಕಾಲ. ಗಾಯಕ ಆರ್.ಕೆ. ಶ್ರೀಕಂಠನ್, ವೈಣಿಕ ದೊರೆಸ್ವಾಮಿ ಅಯ್ಯಂಗಾರ್ ಇಬ್ಬರೂ ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಸ್ಟುಡಿಯೋದ ದೊಡ್ಡ ಸುರುಳಿ ಟೇಪಿನಿಂದ ನೇರವಾಗಿ ಇಳಿಸಿದ ಸಿ.ಡಿ. ಇಂದಿಗೂ ಚೆನ್ನಾಗಿ ಕೇಳಿಸುತ್ತದೆ. ಅದೇ ಕಾರ್ಯಕ್ರಮವನ್ನು ರೇಡಿಯೋದಿಂದ ಕ್ಯಾಸೆಟ್ಟಿಗೆ ಹಿಡಿದು, ಆ ಕ್ಯಾಸೆಟ್ಟಿನ ನಕಲಿನ ನಕಲನ್ನು ಯೂಟ್ಯೂಬಿಗೆ ಏರಿಸಿದ್ದರೆ, ಯಾವ ಚಂದಾ ಕಟ್ಟಿದರೂ ಅದು ಸುಧಾರಿಸದು.

ಮೂಲದ ಗುಣವನ್ನು ಪರೀಕ್ಷಿಸಲು ಮೂರು ಗುರುತುಗಳಿವೆ.

ಒಂದು, ಶ್ರುತಿ. ಟೇಪು ಶೇ. 6ರಷ್ಟು ವೇಗವಾಗಿ ಓಡಿದರೆ ಇಡೀ ಕಛೇರಿ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಮೇಲೇರುತ್ತದೆ, ಶೇ. 3ರಷ್ಟಾದರೆ ಅದರ ಅರ್ಧ. ಪುರುಷ ಗಾಯಕರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಶ್ರುತಿಯಲ್ಲಿ, ಮಹಿಳೆಯರು ನಾಲ್ಕೂವರೆಯಿಂದ ಐದೂವರೆಯಲ್ಲಿ ಹಾಡುತ್ತಾರೆ. ಬೆಂಗಳೂರಿನ ರಾಡೆಲ್ ಸಂಸ್ಥೆ ಮಾಡುವಂಥ ಎಲೆಕ್ಟ್ರಾನಿಕ್ ತಂಬೂರಿ ಅಥವಾ ಮೊಬೈಲಿನ ಟ್ಯೂನರ್ ಆ್ಯಪ್ ಜೊತೆಗಿಟ್ಟು ಕೇಳಿದರೆ, ಗಾಯಕರ ಎಂದಿನ ಶ್ರುತಿಗೂ ಮುದ್ರಿಕೆಯದಕ್ಕೂ ಹೊಂದಿಕೆ ಇದೆಯೇ ಎಂದು ನಿಮಿಷದಲ್ಲಿ ತಿಳಿಯುತ್ತದೆ. ದನಿ ಅಸಹಜವಾಗಿ ತೆಳ್ಳಗಿದ್ದು, ಬಿರ್ಕಾಗಳು ಅವಸರದಲ್ಲಿ ಓಡಿದಂತಿದ್ದರೆ ವೇಗದ ಮೇಲೆ ಸಂಶಯಪಡಬೇಕು.

ಎರಡು, ತಂಬೂರಿ. ಟೇಪಿನ ಹಿಸ್ ಎನ್ನುವ ಸದ್ದು ತೆಗೆಯುವ ಸಾಫ್ಟ್‌ವೇರ್‌ಗೆ ತಂಬೂರಿಯ ಮೇಲಿನ ಸಹಸ್ವರಗಳೂ ಸದ್ದಿನಂತೆಯೇ ಕಾಣುತ್ತವೆ. ಅತಿಯಾಗಿ ತೊಳೆದ ಮುದ್ರಿಕೆಯಲ್ಲಿ ಹಿಸ್ ಇರುವುದಿಲ್ಲ, ತಂಬೂರಿಯೂ ಇರುವುದಿಲ್ಲ. ಸ್ವಲ್ಪ ಹಿಸ್ ಉಳಿಸಿಕೊಂಡ ಮುದ್ರಿಕೆಯೇ ಮೇಲು.

ಮೂರು, ಏರಿಳಿತ. ಮಂದ್ರಸ್ಥಾಯಿಯ ಆಲಾಪನೆಯೂ ತನಿಯ ಮುಕ್ತಾಯವೂ ಒಂದೇ ಜೋರಿನಲ್ಲಿ ಕೇಳಿಸಿದರೆ, ಜೋರಾಗಿ ಕೇಳಿಸಲೆಂದು ಏರಿಳಿತವನ್ನು ಒತ್ತಿಹಾಕಲಾಗಿದೆ ಎಂದರ್ಥ. 1990ರ ದಶಕದ ಸಿ.ಡಿ.ಗೂ ಆ್ಯಪ್‌ನಲ್ಲಿರುವ ರೀಮಾಸ್ಟರ್ ಆವೃತ್ತಿಗೂ ಹೆಸರು, ಮುಖಪುಟ ಒಂದೇ ಆಗಿದ್ದರೂ ಒಳಗಿನ ಧ್ವನಿ ಬೇರೆ ಇರಬಹುದು. ಆ್ಯಪ್‌ನಲ್ಲಿ ಆಲ್ಬಮ್‌ನ ಅಡಿ ಸಣ್ಣಕ್ಷರದಲ್ಲಿ ಹಾಕಿರುವ ವರ್ಷವನ್ನು ಸಿ.ಡಿ.ಯ ಹಿಂಬದಿಯ ವರ್ಷದೊಂದಿಗೆ ಹೋಲಿಸುವುದು ಒಳ್ಳೆಯ ಅಭ್ಯಾಸ.

ಸಭಾಗಳ ನೇರ ಕಛೇರಿಯ ಮುದ್ರಿಕೆಗಳಲ್ಲಿ ಇನ್ನೊಂದು ತೊಡಕಿದೆ. ಪೆಂಡಾಲಿನ ಮಿಕ್ಸರ್‌ನಿಂದ ನೇರವಾಗಿ ತಂತಿ ಎಳೆದು ಮುದ್ರಿಸಿದಾಗ, ಸಭಿಕರಿಗೆ ಹೊಂದಿಸಿದ್ದ ಮಟ್ಟವೇ ಮುದ್ರಿಕೆಯಲ್ಲೂ ಕೂರುತ್ತದೆ. ಮೃದಂಗ ಮುಂದೆ, ಪಿಟೀಲು ಹಿಂದೆ ಆಗಿಬಿಡುತ್ತದೆ. ಇದನ್ನು ಸಿ.ಡಿ.ಯೂ ಸರಿಪಡಿಸಲಾರದು, ಸ್ಟ್ರೀಮಿಂಗೂ ಸರಿಪಡಿಸಲಾರದು.

ತಟ್ಟೆಗಳಲ್ಲೇ ಇರುವ ಭೇದ

ತಟ್ಟೆಯ ಆಕಾರದಲ್ಲಿ ಇದ್ದುದೆಲ್ಲ ಸಿ.ಡಿ. ಗುಣಮಟ್ಟದ್ದಲ್ಲ. ನಮ್ಮಲ್ಲಿ ಒಂದು ಕಾಲಕ್ಕೆ ಎಂಪಿ3 ತಟ್ಟೆಗಳು ಧಾರಾಳವಾಗಿ ಮಾರಾಟವಾದವು. 700 ಎಂಬಿಯ ತಟ್ಟೆಯಲ್ಲಿ 128 ಕಿಲೋಬಿಟ್‌ನ ಸಂಗೀತ 12 ಗಂಟೆಯಷ್ಟು ಹಿಡಿಯುತ್ತದೆ. ಮುಖಪುಟದಲ್ಲಿ ಐವತ್ತು, ನೂರು ಕೃತಿಗಳೆಂದು ಬರೆದಿದ್ದರೆ ಅದು ಎಂಪಿ3 ತಟ್ಟೆಯೇ. ಇದಕ್ಕಿಂತ ಆ್ಯಪ್‌ನ 320 ಕಿಲೋಬಿಟ್ ಖಂಡಿತ ಮೇಲು. ಅಸಲಿ ಆಡಿಯೋ ಸಿ.ಡಿ.ಯ ಮೇಲೆ ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ ಎಂಬ ಮುದ್ರೆ ಇರುತ್ತದೆ, ಅವಧಿ 80 ನಿಮಿಷ ಮೀರುವುದಿಲ್ಲ.

ಮತ್ತೊಂದು ಬಗೆ, ಕಂಪ್ಯೂಟರಿನಲ್ಲಿ ಸುಟ್ಟ ಸಿ.ಡಿ.ಆರ್. ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯ ಅಡಿ ಬೆಳ್ಳಿಯ ಬಣ್ಣವಿದ್ದರೆ, ಸುಟ್ಟ ತಟ್ಟೆಯ ಅಡಿಯಲ್ಲಿ ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಛಾಯೆ ಇರುತ್ತದೆ. ಧ್ವನಿಯ ಗುಣದಲ್ಲಿ ಕೊರತೆಯಿಲ್ಲ, ಆದರೆ ಆಯುಷ್ಯ ಕಡಿಮೆ; ಬಣ್ಣದ ಪದರ ಬಿಸಿಲಿಗೆ, ಶಾಖಕ್ಕೆ ಮಾಸುತ್ತದೆ. ಇಂಥವನ್ನು ಮೊದಲು ನಕಲು ಮಾಡಿಟ್ಟುಕೊಳ್ಳಬೇಕು.

ಆ್ಯಪ್‌ನಲ್ಲಿ ಸರಿಪಡಿಸಬೇಕಾದವು

ಆ್ಯಪ್‌ಗಳು ಸಿನಿಮಾ ಹಾಡುಗಳಿಗೆ ಹೊಂದುವಂತೆ ಬರುತ್ತವೆ. ಶಾಸ್ತ್ರೀಯ ಸಂಗೀತಕ್ಕೆ ನಾಲ್ಕು ಬದಲಾವಣೆ ಬೇಕು.

1. ಧ್ವನಿಯ ಗುಣಮಟ್ಟವನ್ನು ‘ಆಟೋಮ್ಯಾಟಿಕ್’ನಿಂದ ತೆಗೆದು, ವೈಫೈ ಮತ್ತು ಡೌನ್‌ಲೋಡ್ ಎರಡಕ್ಕೂ ಗರಿಷ್ಠ ಮಟ್ಟಕ್ಕೆ ಇಡಬೇಕು. ಆಟೋಮ್ಯಾಟಿಕ್‌ನಲ್ಲಿ ನೆಟ್‌ವರ್ಕ್ ಕುಸಿದಾಗ ದರ್ಜೆಯೂ ಸದ್ದಿಲ್ಲದೆ ಇಳಿಯುತ್ತದೆ.

2. ಎಲ್ಲ ಹಾಡುಗಳನ್ನೂ ಒಂದೇ ಜೋರಿಗೆ ತರುವ ವ್ಯವಸ್ಥೆಯನ್ನು ಆಫ್ ಮಾಡಬೇಕು. ಸ್ಪಾಟಿಫೈನಲ್ಲಿ ಇದರ ಹೆಸರು ವಾಲ್ಯೂಮ್ ನಾರ್ಮಲೈಸೇಶನ್, ಆ್ಯಪಲ್‌ನಲ್ಲಿ ಸೌಂಡ್ ಚೆಕ್. ಬಿಡಿಬಿಡಿ ಟ್ರ್ಯಾಕ್‌ಗಳಿಗೆ ಇದು ಅನ್ವಯವಾದಾಗ ಆಲಾಪನೆ ಮತ್ತು ಅದರ ನಂತರದ ಕೃತಿಯ ನಡುವಿನ ಸಹಜ ಏರಿಳಿತ ಕೆಡುತ್ತದೆ.

3. ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ, ನಡುವೆ ವಿರಾಮವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್ ಮಾಡಬೇಕು. ರಾಗ, ತಾನ, ಪಲ್ಲವಿ, ತನಿ ನಾಲ್ಕು ಟ್ರ್ಯಾಕ್‌ಗಳಾಗಿ ಹಂಚಿಹೋಗಿರುವ ಕಛೇರಿಯಲ್ಲಿ ಇದಿಲ್ಲದಿದ್ದರೆ ತಂಬೂರಿ ಮೂರು ಕಡೆ ಕತ್ತರಿಸಿಹೋಗುತ್ತದೆ. ಷಫಲ್ ಆಫ್ ಮಾಡುವುದನ್ನೂ ಮರೆಯಬಾರದು.

4. ಈಕ್ವಲೈಜರ್, ಬಾಸ್ ಬೂಸ್ಟ್ ಮತ್ತು ಡಾಲ್ಬಿ ಅಟ್ಮಾಸ್ ಆಫ್ ಮಾಡಬೇಕು. ಅಟ್ಮಾಸ್ ಬೇರೆಯದೇ ಮಿಶ್ರಣ. ಬಾಸ್ ಹೆಚ್ಚಿಸಿದರೆ ಮೃದಂಗದ ಎಡಗೈ ಉಬ್ಬಿ ಗಾಯನವನ್ನು ನುಂಗುತ್ತದೆ.

ಕೊನೆಯ ದಾರಿ: ಬ್ಲೂಟೂತ್, ತಂತಿ, ಕೋಣೆ

ಲಾಸ್‌ಲೆಸ್‌ಗೆ ಹಣ ಕಟ್ಟಿ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿದರೆ ಕಟ್ಟಿದ ಹಣ ದಾರಿಯಲ್ಲೇ ಸೋರಿಹೋಗುತ್ತದೆ. ಬ್ಲೂಟೂತ್ ಧ್ವನಿಯನ್ನು ಎಸ್‌ಬಿಸಿ ಅಥವಾ ಎಎಸಿ ವಿಧಾನದಲ್ಲಿ ಮತ್ತೊಮ್ಮೆ ಕಿರಿದುಗೊಳಿಸಿ, ಎರಡನೆಯ ದರ್ಜೆಯ ಆಸುಪಾಸಿಗೆ ತಂದು ಕಳಿಸುತ್ತದೆ. ಎಲ್‌ಡಿಎಸಿ ಎಂಬ ವಿಧಾನದ ಗರಿಷ್ಠ ಮಿತಿ 990 ಕಿಲೋಬಿಟ್, ಅದೂ ಸಿ.ಡಿ.ಯ ಪೂರ್ತಿ ಅಳತೆಯಲ್ಲ.

ಪರಿಹಾರ ದುಬಾರಿಯದೇನಲ್ಲ. ಮೊಬೈಲಿನ ಟೈಪ್-ಸಿ ತೂತಿಗೆ ಹಾಕುವ ಬೆರಳುದ್ದದ ಡ್ಯಾಕ್ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸಿ ಹೆಡ್‌ಫೋನಿಗೋ ಆಂಪ್ಲಿಫೈಯರಿಗೋ ಕೊಡುತ್ತದೆ. ಆ್ಯಪಲ್ ಕಂಪನಿಯ ಸಣ್ಣ ಅಡಾಪ್ಟರ್ 24 ಬಿಟ್, 48 ಕಿಲೋಹರ್ಟ್ಜ್‌ವರೆಗೆ ಒಯ್ಯುತ್ತದೆ, ಸಿ.ಡಿ. ಮಟ್ಟಕ್ಕೆ ಅದು ಸಾಕು. ಮನೆಯಲ್ಲಿ ಹಳೆಯ ಸ್ಟೀರಿಯೋ ಇದ್ದರೆ ಅದರ ‘ಆಕ್ಸ್’ ಎಂಬ ತೂತಿಗೆ ಒಂದು ತಂತಿ ಎಳೆದರೆ ಮುಗಿಯಿತು.

ಸಿ.ಡಿ. ಕೇಳಲು ಹೊಸ ಪ್ಲೇಯರೇ ಬೇಕೆಂದಿಲ್ಲ. ಮೂಲೆಯಲ್ಲಿ ಕುಳಿತ ಡಿವಿಡಿ ಪ್ಲೇಯರೂ ಆಡಿಯೋ ಸಿ.ಡಿ.ಯನ್ನು ಸರಿಯಾಗಿ ಓದುತ್ತದೆ. ಹಿಂದೆ ಆಪ್ಟಿಕಲ್ ಅಥವಾ ಕೊಆ್ಯಕ್ಸಿಯಲ್ ತೂತು ಇದ್ದರೆ ಹೊರಗಿನ ಡ್ಯಾಕ್‌ಗೂ ಜೋಡಿಸಬಹುದು. ತಟ್ಟೆ ಎಗರಿದರೆ ಮೊದಲು ಲೆನ್ಸಿನ ಧೂಳು ನೋಡಬೇಕು, ಆಮೇಲೆ ಲೇಸರ್ ಸವೆದಿದೆಯೇ ಎಂದು. ಕೇಬಲ್ಲು, ಬಿಡಿಭಾಗ ಹುಡುಕಲು ಸಿಟಿ ಮಾರ್ಕೆಟ್ಟಿನ ಹತ್ತಿರದ ಎಸ್.ಪಿ. ರಸ್ತೆ ಸರಿಯಾದ ಜಾಗ.

ಹಳೆಯ ಮನೆಗಳ ಕೆಂಪು ಆಕ್ಸೈಡ್ ನೆಲ, ಎತ್ತರದ ಸೂರು, ಬರಿಯ ಗೋಡೆಗಳು ನೋಡಲು ಚೆಂದ. ಆದರೆ ಧ್ವನಿ ಅವುಗಳಿಗೆ ಬಡಿದು ಹಿಂದಿರುಗಿ ಮೃದಂಗದ ಜತಿಗಳು ಒಂದರೊಳಗೊಂದು ಸೇರಿಹೋಗುತ್ತವೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ದಟ್ಟ ಪರದೆ, ಹಿಂಗೋಡೆಗೆ ಪುಸ್ತಕದ ಕಪಾಟು ಇಟ್ಟರೆ ಸ್ಪಷ್ಟತೆ ಎದ್ದು ಕಾಣುತ್ತದೆ. ಎರಡು ಸ್ಪೀಕರ್‌ಗಳೂ ಕೇಳುಗರೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು, ಸ್ಪೀಕರ್ ಕಿವಿಯ ಎತ್ತರಕ್ಕಿರಬೇಕು. ಗೋಡೆಯ ಮೂಲೆಗೆ ಒತ್ತಿಟ್ಟರೆ ತಗ್ಗು ದನಿ ಗುಂಯ್‌ಗುಡುತ್ತದೆ. ಈ ವ್ಯವಸ್ಥೆಯಿಂದ ಆಗುವ ಸುಧಾರಣೆ 320 ಕಿಲೋಬಿಟ್‌ಗೂ ಲಾಸ್‌ಲೆಸ್‌ಗೂ ಇರುವ ಅಂತರಕ್ಕಿಂತ ಎಷ್ಟೋ ಪಾಲು ದೊಡ್ಡದು.

ಮನೆಯಲ್ಲೇ ಪರೀಕ್ಷೆ

ಹೋಲಿಕೆಗೆ ಒಂದೇ ಆಲ್ಬಮ್ ಸಿ.ಡಿ.ಯಾಗಿಯೂ ಆ್ಯಪ್‌ನಲ್ಲೂ ಬೇಕು. ಎರಡೂ ಒಂದೇ ಆಂಪ್ಲಿಫೈಯರ್, ಒಂದೇ ಸ್ಪೀಕರಿಗೆ ಹೋಗಬೇಕು. ಜೋರು ಸಮನಾಗಿರುವುದು ಅತ್ಯಗತ್ಯ. ಕೊಂಚವೇ ಜೋರಾದದ್ದು ಕಿವಿಗೆ ಉತ್ತಮವೆಂದೇ ತೋರುತ್ತದೆ. ಮೊಬೈಲಿನ ಧ್ವನಿಮಾಪಕ ಆ್ಯಪ್ ಇಟ್ಟು, ತಂಬೂರಿ ಮಾತ್ರ ನುಡಿಯುವ ಭಾಗದಲ್ಲಿ ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು.

ಆಮೇಲೆ ಮನೆಯ ಇನ್ನೊಬ್ಬರು, ಯಾವುದೆಂದು ಹೇಳದೆ, ಒಂದೊಂದನ್ನಾಗಿ ನುಡಿಸಬೇಕು. ಆರಂಭದ ತಂಬೂರಿ, ಮಂದ್ರಸ್ಥಾಯಿಯ ಆಲಾಪನೆ, ತನಿಯ ಘಟ, ಕೊನೆಯ ಚಪ್ಪಾಳೆ, ಹೀಗೆ ಅರ್ಧ ನಿಮಿಷದ ನಾಲ್ಕು ತುಣುಕು ಸಾಕು. ಹತ್ತು ಸುತ್ತಿನಲ್ಲಿ ಒಂಬತ್ತು ಸರಿಯಾದರೆ ವ್ಯತ್ಯಾಸ ನಿಜ. ಬರೀ ಊಹೆಯಿಂದ ಅಷ್ಟು ಸರಿ ಬರುವ ಸಂಭವ ನೂರಕ್ಕೆ ಒಂದು. ಐದಾರು ಮಾತ್ರ ಸರಿಯಾದರೆ ಆ ಕಿವಿಗೆ, ಆ ಸಾಧನದಲ್ಲಿ ಎರಡೂ ಒಂದೇ. ಪರೀಕ್ಷೆಗೆ ವಾಹನ ಸಂಚಾರ ಶುರುವಾಗುವ ಮುಂಚಿನ ಬೆಳಗಿನ ಹೊತ್ತು ಅನುಕೂಲ.

ಧ್ವನಿಯಾಚೆಗಿನ ಲೆಕ್ಕ

ವಿವರಗಳ ವಿಷಯದಲ್ಲಿ ತಟ್ಟೆ ಮುಂದಿದೆ. ಒಳ್ಳೆಯ ಸಿ.ಡಿ.ಯ ಒಳಪುಟದಲ್ಲಿ ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರ ಹೆಸರು, ಮುದ್ರಣದ ಸ್ಥಳ ಎಲ್ಲವೂ ಇರುತ್ತವೆ. ಆ್ಯಪ್‌ಗಳಲ್ಲಿ ತ್ಯಾಗರಾಜರೇ ಗಾಯಕರ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದುಂಟು. ಪಿಟೀಲು, ಮೃದಂಗ ನುಡಿಸಿದವರ ಹೆಸರೇ ಇರುವುದಿಲ್ಲ. ಆ್ಯಪಲ್ 2023ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಬೇರೆ ಆ್ಯಪ್ ತಂದರೂ ಅದರ ವಿಂಗಡಣೆ ಪಾಶ್ಚಾತ್ಯ ಸಂಗೀತಕ್ಕೆ ತಕ್ಕಂತೆ ಇದೆ.

ಹುಡುಕಾಟ ಮತ್ತು ವೈವಿಧ್ಯದಲ್ಲಿ ಸ್ಟ್ರೀಮಿಂಗ್ ಮುಂದು. ಒಂದೇ ಕೃತಿಯನ್ನು ಐದು ಬಾನಿಗಳಲ್ಲಿ ಒಂದು ಸಂಜೆಯಲ್ಲಿ ಕೇಳಿ ಹೋಲಿಸಬಹುದು. ಆದರೆ ಕಂಪನಿಗಳ ಒಪ್ಪಂದ ಮುಗಿದಾಗ ಆಲ್ಬಮ್ ಆ್ಯಪ್‌ನಿಂದ ಮರೆಯಾಗುತ್ತದೆ, ಚಂದಾ ನಿಂತರೆ ಡೌನ್‌ಲೋಡ್ ಮಾಡಿದ್ದೂ ನಿಲ್ಲುತ್ತದೆ. ಸಣ್ಣ ಪ್ರಕಾಶಕರು ತಂದ ಎಷ್ಟೋ ಸಿ.ಡಿ.ಗಳು ಸ್ಟ್ರೀಮಿಂಗ್‌ಗೆ ಬಂದೇ ಇಲ್ಲ. ಕಪಾಟಿನಲ್ಲಿ ಮೊದಲು ಕಾಪಾಡಬೇಕಾದವು ಇವೇ.

ಕಾಪಾಡುವ ವಿಧಾನ ಸರಳ. ಕಂಪ್ಯೂಟರಿಗೆ ಸಿ.ಡಿ. ಡ್ರೈವ್ ಜೋಡಿಸಿ, ಎಕ್ಸಾಕ್ಟ್ ಆಡಿಯೋ ಕಾಪಿಯಂಥ ಉಚಿತ ತಂತ್ರಾಂಶದಿಂದ ಫ್ಲ್ಯಾಕ್ ಕಡತವಾಗಿ ಇಳಿಸಿಕೊಳ್ಳಬೇಕು. ತಪ್ಪು ಓದಿದ ಜಾಗವನ್ನು ಅದು ಮತ್ತೆ ಓದಿ ನೋಡುತ್ತದೆ. ಸಾವಿರ ಸಿ.ಡಿ.ಗಳಿಗೆ ಸುಮಾರು 350 ಜಿಬಿ ಬೇಕು; ಒಂದು ಟಿಬಿಯ ಹಾರ್ಡ್ ಡಿಸ್ಕಿನ ಅರ್ಧವೂ ತುಂಬದು. ಎರಡು ಡಿಸ್ಕಿನಲ್ಲಿ ನಕಲಿಟ್ಟು, ಒಳಪುಟದ ಫೋಟೋವನ್ನೂ ಜೊತೆಗೆ ಸೇರಿಸಿದರೆ ಧ್ವನಿಯೂ ಉಳಿಯಿತು, ವಿವರವೂ ಉಳಿಯಿತು.

ತಟ್ಟೆಯನ್ನು ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಸುತ್ತುಸುತ್ತಾಗಿ ಉಜ್ಜಬಾರದು. ಸಿ.ಡಿ.ಯ ತಪ್ಪು ತಿದ್ದುವ ವ್ಯವಸ್ಥೆ ಜಾಡಿನುದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನ ಕೊರತೆಯನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಅಡ್ಡಗೀರು ಹೀಗೆ ಮುಚ್ಚಿಹೋಗುತ್ತದೆ, ಜಾಡಿನುದ್ದಕ್ಕೂ ಬಿದ್ದ ಗೀರು ಹೋಗುವುದಿಲ್ಲ. ಬೆಳಕು ಹಿಮ್ಮೆಟ್ಟಿಸುವ ಪದರ ಇರುವುದು ಹೆಸರು ಮುದ್ರಿಸಿದ ಮಗ್ಗುಲಿನ ಕೆಳಗೇ ಆದ್ದರಿಂದ, ಆ ಮಗ್ಗುಲಿನ ಗೀರು ಹೆಚ್ಚು ಅಪಾಯಕಾರಿ. ತಟ್ಟೆಗಳನ್ನು ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ, ಬಿಸಿಲು ಮತ್ತು ಮಳೆಗಾಲದ ತೇವ ತಾಕದಂತೆ ಇಡಬೇಕು.

ಯಾರಿಗೆ ಯಾವುದು

ಕಪಾಟಿನಲ್ಲಿ ಒಳ್ಳೆಯ ಸಿ.ಡಿ.ಗಳಿದ್ದು ಪ್ಲೇಯರ್ ಕೆಲಸ ಮಾಡುತ್ತಿದ್ದರೆ, ಗುಣಮಟ್ಟದ ಕಾರಣಕ್ಕೆ ಅದನ್ನು ಬಿಡಬೇಕಿಲ್ಲ. ಸಂಗ್ರಹವಿಲ್ಲದೆ ಹೊಸದಾಗಿ ಕೇಳಲು ತೊಡಗುವವರಿಗೆ 256–320 ಕಿಲೋಬಿಟ್‌ನ ಚಂದಾ ಮತ್ತು ತಂತಿಯ ಹೆಡ್‌ಫೋನ್ ಸಾಕು. ಒಳ್ಳೆಯ ಸ್ಪೀಕರ್, ನಿಶ್ಶಬ್ದ ಕೋಣೆ ಇರುವವರು, ವೀಣೆ ಮತ್ತು ಲಯವಾದ್ಯಗಳನ್ನು ನಿಗಾ ಕೊಟ್ಟು ಕೇಳುವವರು ಲಾಸ್‌ಲೆಸ್ ತೆಗೆದುಕೊಳ್ಳಬಹುದು; ಬ್ಲೂಟೂತ್‌ನಲ್ಲೇ ಕೇಳುವವರಿಗೆ ಅದು ಬೇಡ. ಸಂಗೀತ ಕಲಿಯುವವರಿಗೆ ಎರಡೂ ಬೇಕು: ಬಾನಿಗಳನ್ನು ಹೋಲಿಸಲು ಸ್ಟ್ರೀಮಿಂಗ್, ಒಂದನ್ನೇ ಹಿಡಿದು ಅಭ್ಯಾಸ ಮಾಡಲು ವಿವರ ಸಹಿತವಾದ ಸಿ.ಡಿ. ಹಣ ಮಿತವಾಗಿದ್ದರೆ ಮೊದಲು ಸ್ಪೀಕರ್ ಅಥವಾ ಹೆಡ್‌ಫೋನ್, ಆಮೇಲೆ ಕೋಣೆ, ಅನಂತರ ಒಳ್ಳೆಯ ಮುದ್ರಿಕೆಯ ಹುಡುಕಾಟ, ಕೊನೆಗೆ ಚಂದಾದ ದರ್ಜೆ ಎಂಬ ಕ್ರಮದಲ್ಲಿ ಖರ್ಚು ಮಾಡಬೇಕು.